ಕೆಂಪು ಮಣ್ಣಿನ ಊರಿನಲ್ಲಿ ಒಂದು ಟಿ-55: ತಮಿಯಾ ಕಿಟ್ಟಿನ ವಿಮರ್ಶೆ

ಜಪಾನಿನ ತಮಿಯಾ ಸಂಸ್ಥೆಯ 1/35 ಅಳತೆಯ ಟಿ-55ಎ ಟ್ಯಾಂಕಿನ ಕಿಟ್, ಅಂದರೆ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ, ಮಾರುಕಟ್ಟೆಗೆ ಬಂದದ್ದು 2002ರಲ್ಲಿ. ಇದು ಹೊಸ ಸರಕೇನಲ್ಲ. ಪೆಟ್ಟಿಗೆಯ ಮೇಲಿನ 35257 ಎಂಬ ಸಂಖ್ಯೆಯನ್ನು ಬಾಯಿಪಾಠವಾಗಿ ಹೇಳಬಲ್ಲ ಹವ್ಯಾಸಿಗಳಿದ್ದಾರೆ. ಇಷ್ಟು ಹಳೆಯದನ್ನು ಈಗೇಕೆ ವಿಮರ್ಶಿಸಬೇಕು ಎಂದರೆ ನನ್ನ ಬಳಿ ಇರುವುದು ಒಂದೇ ಕಾರಣ. ಬಣ್ಣ ಹಚ್ಚುವುದಕ್ಕೂ, ಹಚ್ಚಿದ ಬಣ್ಣವನ್ನು ಬಿಸಿಲು, ಮಳೆ, ಧೂಳು ತಿಂದಂತೆ ಹಳತಾಗಿಸುವುದಕ್ಕೂ ಇದರಷ್ಟು ವ್ಯವಧಾನವನ್ನು ಉಳಿಸಿಕೊಡುವ ಟಿ-55 ಕಿಟ್ ಬೇರೊಂದನ್ನು ನಾನು ಕಂಡಿಲ್ಲ. ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಒಂದು ಮೂಲೆಯಲ್ಲಿ ಇದನ್ನು ಕಟ್ಟಲು ನನಗೆ ಬೇಕಾದದ್ದು ಐದು ಸಂಜೆಗಳು. ಬಣ್ಣಕ್ಕೂ ವೆದರಿಂಗ್ ಎನ್ನುವ ಈ ಹಳತಾಗಿಸುವಿಕೆಗೂ ಹಿಡಿದದ್ದು ನಾಲ್ಕು ತಿಂಗಳು. ಆ ನಾಲ್ಕರಲ್ಲಿ ಒಂದು ತಿಂಗಳು ನನ್ನದೇ ತಪ್ಪಿನಿಂದ ಹೋಯಿತು, ಅದನ್ನು ಮುಂದೆ ಹೇಳುತ್ತೇನೆ.

ಮೂಲ ಟ್ಯಾಂಕಿನ ಬಗ್ಗೆ ನಾಲ್ಕು ಮಾತು. ಸೋವಿಯತ್ ಒಕ್ಕೂಟ 1958ರಲ್ಲಿ ಟಿ-55ರ ತಯಾರಿಕೆಯನ್ನು ಆರಂಭಿಸಿತು. ಸುಮಾರು 36 ಟನ್ ತೂಕ, 100 ಮಿಲಿಮೀಟರ್ ತೋಪು, 580 ಅಶ್ವಶಕ್ತಿಯ ಹನ್ನೆರಡು ಸಿಲಿಂಡರಿನ ಡೀಸೆಲ್ ಎಂಜಿನ್, ಒಳಗೆ ನಾಲ್ವರು. ಪಕ್ಕದಿಂದ ನೋಡಿದರೆ ಐದು ದೊಡ್ಡ ಚಕ್ರಗಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ಎದ್ದು ಕಾಣುವ ಒಂದು ತೆರವು. ಈ ತೆರವನ್ನು ನೋಡಿಯೇ ಟಿ-54, ಟಿ-55ರ ಮನೆತನವನ್ನು ಗುರುತಿಸಬಹುದು. ಭಾರತ ಈ ಮನೆತನದ ಟ್ಯಾಂಕುಗಳನ್ನು 1960ರ ದಶಕದಲ್ಲಿ ತರಿಸಿಕೊಂಡಿತು, 1971ರ ಯುದ್ಧದಲ್ಲಿ ಬಳಸಿತು, ಆ ಬಳಿಕ 105 ಮಿಲಿಮೀಟರ್ ತೋಪು ಕೂರಿಸಿ ಇನ್ನೂ ಹಲವು ವರ್ಷ ದುಡಿಸಿಕೊಂಡಿತು. ನಿಜವಾದ ಟಿ-55 ಒಂದನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿಗರು ಮಡಿಕೇರಿಗೆ ಹೋಗಬಹುದು. 2021ರ ಫೆಬ್ರವರಿಯಲ್ಲಿ ತೆರೆದ ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯವಾದ ‘ಸನ್ನಿಸೈಡ್’ನ ಅಂಗಳದಲ್ಲಿ ಅದು ನಿಂತಿದೆ. ಬೆಸುಗೆಯ ಗೆರೆ, ಬೋಲ್ಟುಗಳ ಸಾಲು, ಚಕ್ರಗಳ ಮೇಲಿನ ತಗಡಾದ ಫೆಂಡರಿನ ದಪ್ಪ ಇವನ್ನೆಲ್ಲ ನೋಡಿಕೊಳ್ಳಲು ಅಂಥ ಭೇಟಿ ಬಹಳ ಉಪಯುಕ್ತ. ಬಣ್ಣದ ವಿಷಯದಲ್ಲಿ ಮಾತ್ರ ಯಾವ ಸ್ಮಾರಕ ಟ್ಯಾಂಕನ್ನೂ ನಂಬಬಾರದು. ಅವುಗಳಿಗೆ ಕಾಲಕಾಲಕ್ಕೆ ಬಳಿಯುವ ಬಣ್ಣ ಯುದ್ಧಭೂಮಿಯದಲ್ಲ, ಮೆರವಣಿಗೆಯದು.

ಇನ್ನು ಪೆಟ್ಟಿಗೆಯ ಒಳಗಿನದು. ಅಳತೆಯನ್ನು 35ರಿಂದ ಭಾಗಿಸಿ ನೋಡಿದರೆ 6.45 ಮೀಟರಿನ ದೇಹ ಸುಮಾರು 184 ಮಿಲಿಮೀಟರ್, ತೋಪಿನ ಬಾಯಿಯವರೆಗಿನ 9 ಮೀಟರ್ ಸುಮಾರು 257 ಮಿಲಿಮೀಟರ್, 3.27 ಮೀಟರಿನ ಅಗಲ 93 ಮಿಲಿಮೀಟರ್ ಆಗಬೇಕು. ಸ್ಕೇಲಿಟ್ಟು ನೋಡಿದಾಗ ಕಣ್ಣಿಗೆ ಕಾಣುವಂಥ ವ್ಯತ್ಯಾಸ ನನಗೆ ಸಿಗಲಿಲ್ಲ. ಈ ಮೂವತ್ತೈದು ಎಂಬ ವಿಚಿತ್ರ ಸಂಖ್ಯೆಯ ಹಿಂದೆ ತಮಿಯಾದವರೇ ಹೇಳಿಕೊಳ್ಳುವ ಒಂದು ಕಥೆಯಿದೆ. 1960ರ ದಶಕದ ಆರಂಭದಲ್ಲಿ ಅವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿಯನ್ನು ರೂಪಿಸುವಾಗ ಮೋಟಾರೂ ಬ್ಯಾಟರಿಗಳೂ ಒಳಗೆ ಹಿಡಿಯುವಷ್ಟು ದೊಡ್ಡದಾಗಿ ದೇಹವನ್ನು ಮಾಡಿದರಂತೆ. ಆಮೇಲೆ ಲೆಕ್ಕ ಹಾಕಿದಾಗ ಅದು ಮೂಲದ ಸುಮಾರು ಮೂವತ್ತೈದನೆಯ ಒಂದು ಭಾಗವಾಗಿತ್ತಂತೆ. ಬ್ಯಾಟರಿಯ ಗಾತ್ರ ನಿಶ್ಚಯಿಸಿದ ಆ ಅಳತೆಯನ್ನೇ ಜಗತ್ತಿನ ಉಳಿದ ತಯಾರಕರೂ ಅನುಸರಿಸಿದ್ದರಿಂದ, ಇಂದು ಯಾವ ದೇಶದ ಸೈನಿಕನ ಗೊಂಬೆಯನ್ನು ತಂದು ನಿಲ್ಲಿಸಿದರೂ ಈ ಟ್ಯಾಂಕಿನ ಪಕ್ಕದಲ್ಲಿ ಹೊಂದಿಕೊಳ್ಳುತ್ತದೆ.

ಜೋಡಣೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಅದೇ ಈ ಕಿಟ್ಟಿನ ಗುಣ. ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಟಿಲ್ಲದೆ ಒಮ್ಮೆ ಹೊಂದಿಸಿ ನೋಡಿ, ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಅಂಟಿನ ಕುಂಚವನ್ನು ಸಂದಿಗೆ ಸೋಕಿಸಿದರೆ ಸಾಕು. ದ್ರವ ತಾನೇ ಸಂದಿಯುದ್ದಕ್ಕೂ ಹರಿದು ಎರಡು ತುಂಡುಗಳನ್ನು ಕರಗಿಸಿ ಒಂದಾಗಿಸುತ್ತದೆ. ಸಂದು ಮುಚ್ಚಲು ನಾನು ಪುಟ್ಟಿಯನ್ನು ಬಳಸಿದ್ದು ಬಹಳ ಕಡಿಮೆ. ಇದೇ ಟ್ಯಾಂಕನ್ನು ಉಕ್ರೇನಿನ ಮಿನಿಆರ್ಟ್ ಸಂಸ್ಥೆಯೂ ಮಾಡುತ್ತದೆ. ಎಂಜಿನ್, ಮದ್ದುಗುಂಡುಗಳ ಕಪಾಟು ಮೊದಲಾದ ಒಳಾಂಗಣವನ್ನೂ ಕೊಡುವ, ಚಕ್ರಗಳನ್ನು ಸುತ್ತುವ ಸರಪಣಿಯಾದ ಟ್ರ್ಯಾಕಿನ ಒಂದೊಂದು ಕೊಂಡಿಯನ್ನೂ ಬಿಡಿಬಿಡಿಯಾಗಿ ಜೋಡಿಸಬೇಕಾದ ಆ ಕಿಟ್ಟುಗಳು ಕಟ್ಟುವುದನ್ನೇ ಪ್ರೀತಿಸುವವರಿಗೆ ಹಬ್ಬದೂಟ. ನಾನು ಆ ಜಾತಿಯವನಲ್ಲ. ಹಿಂಭಾಗದ ಮುಚ್ಚಳ ಹಾಕಿದ ಮೇಲೆ ಯಾರೂ ಕಾಣದ ಎಂಜಿನ್ನಿಗೆ ಹದಿನೈದು ದಿನ ಕೊಡುವಷ್ಟು ಪುಣ್ಯ ನನ್ನಲ್ಲಿಲ್ಲ.

ಜೋಡಣೆಯಲ್ಲಿ ಗಮನ ಬೇಡುವ ಸಂಗತಿ ಟ್ರ್ಯಾಕ್. ಟಿ-55ರ ಚಕ್ರಗಳ ಮೇಲೆ ಟ್ರ್ಯಾಕನ್ನು ಎತ್ತಿ ಹಿಡಿಯುವ ಸಣ್ಣ ಉರುಳೆಗಳು ಇಲ್ಲ. ಹಾಗಾಗಿ ಉಕ್ಕಿನ ಭಾರದಿಂದ ಮೇಲಿನ ಸಾಲು ಜೋತುಬಿದ್ದು ಚಕ್ರಗಳ ನೆತ್ತಿಯ ಮೇಲೆ ಮಲಗಿರುತ್ತದೆ. ಕಿಟ್ಟಿನದು ಬೆಲ್ಟಿನಂತಹ ಮೆತ್ತನೆಯ ಪಟ್ಟಿ, ಅದಕ್ಕೆ ಭಾರವೆಂಬುದಿಲ್ಲ, ತಾನಾಗಿ ಜೋಲುವುದಿಲ್ಲ. ಪಟ್ಟಿಯನ್ನು ಪ್ರತಿಯೊಂದು ಚಕ್ರದ ನೆತ್ತಿಗೂ ಅಂಟಿಸಿ, ಫೆಂಡರ್ ಮತ್ತು ಟ್ರ್ಯಾಕಿನ ನಡುವೆ ಸ್ಪಂಜಿನ ತುಂಡುಗಳನ್ನು ತುರುಕಿ ಒಂದು ರಾತ್ರಿ ಬಿಟ್ಟರೆ ಜೋಲು ಬರುತ್ತದೆ. ಇಷ್ಟಕ್ಕೆ ತೃಪ್ತರಾಗದವರು ಬಿಡಿ ಕೊಂಡಿಗಳ ಟ್ರ್ಯಾಕನ್ನು ಬೇರೆಯಾಗಿ ಕೊಳ್ಳಬಹುದು, ಆದರೆ ಅದರ ಬೆಲೆ ಕಿಟ್ಟಿನ ಬೆಲೆಯೊಡನೆ ಪೈಪೋಟಿಗೆ ಇಳಿಯುತ್ತದೆ.

ಭಾರತದ ಟ್ಯಾಂಕನ್ನು ಮಾಡಹೊರಟವರಿಗೆ ಎರಡು ತಿದ್ದುಪಡಿಗಳು ಬೇಕಾಗುತ್ತವೆ. ಟಿ-55ರ ಮುಂಭಾಗದ ಇಳಿಜಾರು ಕವಚದ ನಡುವೆ ಚಾಲಕ ಹಾರಿಸುವ ಮೆಷಿನ್‌ಗನ್ನಿಗೆಂದು ಒಂದು ಪುಟ್ಟ ರಂಧ್ರವಿತ್ತು. ವಿಕಿರಣ ತಡೆಯುವ ಒಳಪದರವನ್ನು ಸೇರಿಸಿದ ಟಿ-55ಎ ರೂಪದಲ್ಲಿ ಆ ಗನ್ನನ್ನೂ ರಂಧ್ರವನ್ನೂ ಕೈಬಿಟ್ಟರು. ನಾನು ಕೈಡ್ರಿಲ್ಲಿನಿಂದ ಅರ್ಧ ಮಿಲಿಮೀಟರಿನ ತೂತನ್ನು ಕೊರೆದು ಕಾಲವನ್ನು ಹಿಂದಕ್ಕೆ ತಿರುಗಿಸಿದೆ. ಒಳಪದರದ ಕಾರಣ ಮುಚ್ಚಳಗಳ ಸುತ್ತ ಎತ್ತರವಾದ ಅಂಚನ್ನು ಮಾತ್ರ ಕಂಡೂ ಕಾಣದಂತೆ ಬಿಟ್ಟುಬಿಟ್ಟೆ. ಕಟ್ಟುನಿಟ್ಟಿನವರು ಅದನ್ನೂ ಅರೆದು ತೆಗೆಯುತ್ತಾರೆ.

ಎರಡನೆಯ ತಿದ್ದುಪಡಿ ಇದಕ್ಕಿಂತ ಸ್ವಾರಸ್ಯವಾದದ್ದು. ಟಿ-55ರ ತೋಪಿನ ಬಾಯಿಯ ಬಳಿ ಹೊಗೆಯನ್ನು ಹೊರಗೆಳೆಯುವ ಒಂದು ಉಬ್ಬು ಇರುತ್ತದೆ. 1971ರ ಭಾರತದ ಟ್ಯಾಂಕುಗಳ ಛಾಯಾಚಿತ್ರಗಳಲ್ಲಿ ನಳಿಕೆಯ ನಡುಭಾಗದಲ್ಲಿ ಇನ್ನೊಂದು ಉಬ್ಬು ಕಾಣುತ್ತದೆ. ಅದು ಸುಳ್ಳು ಉಬ್ಬು, ಒಳಗೆ ಏನೂ ಇಲ್ಲ. ಪಾಕಿಸ್ತಾನದ ಬಳಿ ಚೀನಾದ ಟೈಪ್ 59 ಟ್ಯಾಂಕುಗಳಿದ್ದವು, ಅವು ಟಿ-54ರ ಚೀನೀ ಅವತಾರವೇ ಆಗಿದ್ದವು. ಜಮ್ಮುವಿನ ಗಡಿಯ ಛಂಬ್ ವಲಯದ ಕಾಳಗದಂಥ ಕಡೆ ಎರಡೂ ಪಕ್ಷಗಳಲ್ಲಿ ಒಂದೇ ಮನೆತನದ ಟ್ಯಾಂಕುಗಳು ಎದುರುಬದುರಾದಾಗ, ಧೂಳಿನ ನಡುವೆ ನಮ್ಮವರು ಯಾರು, ಅವರು ಯಾರು ಎಂಬುದನ್ನು ದೂರದಿಂದಲೇ ತಿಳಿಯಲು ಈ ಉಪಾಯ ಮಾಡಿದ್ದರು. ಪೆಟ್ಟಿಗೆಯಲ್ಲಿ ಇಲ್ಲದ ಈ ಉಬ್ಬನ್ನು ನಾನು ತೆಳುವಾದ ಪ್ಲಾಸ್ಟಿಕ್ ಹಾಳೆಯ ಪಟ್ಟಿಯನ್ನು ನಳಿಕೆಗೆ ಸುತ್ತಿ, ಎರಡು ತುದಿಗಳನ್ನು ಮರಳುಕಾಗದದಿಂದ ಇಳಿಜಾರಾಗಿಸಿ ಮಾಡಿದೆ. ಮುಕ್ಕಾಲು ಗಂಟೆಯ ಕೆಲಸ. ಆದರೆ ಇಡೀ ಮಾದರಿಯನ್ನು ಭಾರತದ್ದನ್ನಾಗಿ ಮಾಡುವುದು ಅದೊಂದೇ ಎಂದರೂ ತಪ್ಪಿಲ್ಲ. ನೋಂದಣಿ ಸಂಖ್ಯೆಯನ್ನೂ ಅದರ ಆರಂಭದ ಮೇಲ್ಮುಖ ಬಾಣವನ್ನೂ ಮೂರು ಸೊನ್ನೆಯ ಅತಿ ಸಣ್ಣ ಕುಂಚದಿಂದ ಕೈಯಲ್ಲೇ ಬರೆದೆ. ಸ್ವಲ್ಪ ಸೊಟ್ಟಗಿದೆ. ನಿಜವಾದ ಟ್ಯಾಂಕಿನ ಮೇಲೆ ಬರೆದವರೂ ಕೈಯಲ್ಲೇ ಬರೆದಿದ್ದರು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಬಣ್ಣಕ್ಕೆ ಬಂದರೆ, ಬೆಂಗಳೂರಿನಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿಯುವವನು ಕಿಟ್ಟಿಗಿಂತ ಹೆಚ್ಚಾಗಿ ಆಕಾಶವನ್ನು ವಿಮರ್ಶಿಸಬೇಕಾಗುತ್ತದೆ. ನಾನು ಪ್ರೈಮರ್ ಹೊಡೆದದ್ದು ಏಪ್ರಿಲ್‌ನಲ್ಲಿ, ಮೂಲ ಬಣ್ಣ ಮೇ ತಿಂಗಳಲ್ಲಿ. ಎರಡೂ ಚೆನ್ನಾಗಿ ಕೂತವು. ತಮಿಯಾದ ಅಕ್ರಿಲಿಕ್ ಬಣ್ಣವನ್ನು ಅವರದೇ ಎಕ್ಸ್-20ಎ ಥಿನ್ನರಿನಲ್ಲಿ ಕಲಸಬೇಕೆಂದು ನಿಯಮವಿದ್ದರೂ, ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ, ಮತ್ತು ಎಲೆಕ್ಟ್ರಾನಿಕ್ ಫಲಕಗಳನ್ನು ತೊಳೆಯಲು ಬಳಸುವ ಆ ದ್ರವ ಎಸ್.ಪಿ. ರಸ್ತೆಯಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ. ಒಂದು ಭಾಗ ಬಣ್ಣಕ್ಕೆ ಒಂದೂವರೆ ಭಾಗ ದ್ರವ, 0.3 ಮಿಲಿಮೀಟರಿನ ಸೂಜಿ, ಸುಮಾರು 15 ಪಿ.ಎಸ್.ಐ. ಒತ್ತಡ. ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್‌ಗೆ ಎಕ್ಸ್‌ಎಫ್-58 ಆಲಿವ್ ಗ್ರೀನನ್ನು ಬೆರೆಸಿ ಮೂಲ ಬಣ್ಣ ಮಾಡಿದೆ. ಟರೆಟ್ಟಿನ (ತೋಪನ್ನು ಹೊತ್ತು ತಿರುಗುವ ಗೋಪುರದ) ನೆತ್ತಿ, ಫೆಂಡರಿನ ಮೇಲ್ಮೈ ಮೊದಲಾದ ಬಿಸಿಲು ಬೀಳುವ ಜಾಗಗಳಿಗೆ ಅದೇ ಮಿಶ್ರಣಕ್ಕೆ ಬಫ್ ಎಂಬ ಮಾಸಲು ಹಳದಿಯನ್ನು ತುಸು ಸೇರಿಸಿ ತೆಳುವಾಗಿ ಹೊಡೆದೆ. ಬಾಲ್ಕನಿಯಲ್ಲಿ ಹೊಡೆಯುವವರಿಗೆ ಒಂದು ಕಿವಿಮಾತಿದೆ: ಗಾಳಿಯ ದಿಕ್ಕಿಗಿಂತ ಮೊದಲು ಕೆಳಗಿನ ಮನೆಯವರ ಬಟ್ಟೆ ಹಗ್ಗವನ್ನು ನೋಡಿಕೊಳ್ಳಿ. ಒಂದು ಬಿಳಿ ಪಂಚೆಯ ಅಂಚಿಗೆ ಆಲಿವ್ ಹಸಿರಿನ ಸೂಕ್ಷ್ಮ ಚುಕ್ಕೆಗಳು ಬಿದ್ದ ದಿನದಿಂದ ನಾನು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಒಂದು ರಟ್ಟಿನ ಪೆಟ್ಟಿಗೆಗೆ ಕೂರಿಸಿಕೊಂಡು ಒಳಗೇ ಕೆಲಸ ಮಾಡುತ್ತೇನೆ. ಮುಖಕ್ಕೆ ಬಟ್ಟೆಯ ಮಾಸ್ಕ್ ಸಾಲದು, ದ್ರಾವಕದ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಮಳೆಗಾಲ ಪಾಠ ಕಲಿಸಿದ್ದು ಜುಲೈಯಲ್ಲಿ. ಸಂದುಗಳಿಗೆ ಇಳಿಯುವ ತೆಳು ಬಣ್ಣವಾದ ವಾಷ್ ಹರಿಯಲು ಮೇಲ್ಮೈ ನುಣುಪಾಗಿರಬೇಕು, ಅದಕ್ಕಾಗಿ ಹೊಳಪಿನ ಲ್ಯಾಕರ್ ಒಂದು ಪದರವನ್ನು ಹೊಡೆಯುತ್ತೇವೆ. ಮೂರು ದಿನ ಬಿಡದೆ ಜಡಿಮಳೆ ಸುರಿದ ಒಂದು ಸಂಜೆ ಕಾಯಲಾರದೆ ಹೊಡೆದುಬಿಟ್ಟೆ. ಹತ್ತು ನಿಮಿಷದಲ್ಲಿ ಟರೆಟ್ ಹಾಲಿನ ಕೆನೆ ಕಟ್ಟಿದಂತೆ ಬೆಳ್ಳಗಾಯಿತು. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ನೀರಾಗಿ ಕೂತು ಪದರದೊಳಗೆ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಬಿಸಿಲು ಬಂದ ದಿನ ನಿಧಾನವಾಗಿ ಒಣಗುವ ಥಿನ್ನರನ್ನಷ್ಟೇ ಮಂಜಿನಂತೆ ಹೊಡೆದಾಗ ಪದರ ಮತ್ತೆ ಸಡಿಲಗೊಂಡು ತಿಳಿಯಾಯಿತು. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್ ಎಂಬುದನ್ನು ನೆನಪಿಟ್ಟುಕೊಂಡರೆ, ಲ್ಯಾಕರಿನ ಕೆಲಸವನ್ನು ಯುಗಾದಿಯ ಆಸುಪಾಸಿಗೋ ದೀಪಾವಳಿಯ ನಂತರಕ್ಕೋ ಇಟ್ಟುಕೊಳ್ಳುವುದು ಕ್ಷೇಮ ಎನ್ನುವುದು ತಾನೇ ತಿಳಿಯುತ್ತದೆ. ಟರೆಟ್ಟಿನ ಮೇಲ್ಮೈಗೆ ಎರಕದ ಒರಟುತನ ಬರಲೆಂದು ನಾನು ಅದಕ್ಕೂ ಮೊದಲು ಪುಟ್ಟಿಯನ್ನು ಅಂಟಿನಲ್ಲಿ ತೆಳುವಾಗಿಸಿ, ಸವೆದ ಕುಂಚದಿಂದ ಕುಟ್ಟಿ ಕುಟ್ಟಿ ಹಚ್ಚಿದ್ದೆ. ಪುಣ್ಯಕ್ಕೆ ಅದು ಕೆಡಲಿಲ್ಲ.

ವಾಷ್ ಎಂದರೆ ಬಹಳ ತೆಳುವಾದ ಗಾಢ ಬಣ್ಣ. ಬೋಲ್ಟಿನ ಬುಡ, ಮುಚ್ಚಳದ ಸಂದು, ಬೆಸುಗೆಯ ಗೆರೆಗೆ ಸೋಕಿಸಿದರೆ ಅದು ಓಡಿಹೋಗಿ ನೆರಳಾಗಿ ಕೂರುತ್ತದೆ. ಈ ಕಿಟ್ಟಿನ ನಿಜವಾದ ಹಿರಿಮೆ ನನಗೆ ತಿಳಿದದ್ದು ಈ ಹಂತದಲ್ಲಿ. ಅಚ್ಚಿನ ಉಬ್ಬುತಗ್ಗುಗಳು ಚೂಪಾಗಿರುವುದರಿಂದ ವಾಷ್ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಲ್ಲುತ್ತದೆ. ಎಂಜಿನ್ ಮೇಲಿನ ಜಾಲಂಧ್ರಗಳು, ನಕ್ಷತ್ರ ಮೀನಿನಂತೆ ಕಾಣುವ ಚಕ್ರಗಳ ಒಳಗುಳಿಗಳು ಒಂದೇ ಸಲಕ್ಕೆ ಕಣ್ಣು ತೆರೆದಂತಾಯಿತು. ವಿದೇಶಿ ಸಂಸ್ಥೆಗಳ ಪುಟ್ಟ ಸೀಸೆಗಳನ್ನು ತರಿಸುವ ಅಗತ್ಯವಿಲ್ಲ. ಕ್ಯಾಮೆಲ್ ಕಂಪನಿಯ ಬರ್ನ್ಟ್ ಅಂಬರ್ ತೈಲವರ್ಣವನ್ನು ರಟ್ಟಿನ ತುಂಡಿನ ಮೇಲೆ ಹಿಂಡಿ ಒಂದೆರಡು ಗಂಟೆ ಬಿಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ; ಉಳಿದ ಬಣ್ಣವನ್ನು ವಾಸನೆಯಿಲ್ಲದ ಟರ್ಪೆಂಟೈನಿನಲ್ಲಿ ಕರಗಿಸಿದರೆ ಹಲವು ಟ್ಯಾಂಕುಗಳಿಗೆ ಸಾಲುವಷ್ಟು ವಾಷ್ ಸಿದ್ಧ. ಕೆಳಗಿನ ಪದರ ಅಕ್ರಿಲಿಕ್ ಅಥವಾ ಲ್ಯಾಕರ್ ಆಗಿದ್ದರೆ ಟರ್ಪೆಂಟೈನ್ ಅದನ್ನು ಕೆಣಕುವುದಿಲ್ಲ, ತಪ್ಪಾದ ಕಡೆ ಒರೆಸಿ ತೆಗೆಯಬಹುದು.

ಇಲ್ಲಿಂದ ಮುಂದಿನದು ಅಭಿರುಚಿಯ ಪ್ರಶ್ನೆ, ಇದರಲ್ಲಿ ನನಗೆ ಸ್ವಲ್ಪ ಹಠವಿದೆ. ಈಗ ಪ್ರದರ್ಶನಗಳಲ್ಲಿ ಕಾಣುವ ಎಷ್ಟೋ ಟ್ಯಾಂಕುಗಳು ಗುಜರಿ ಅಂಗಡಿಯಿಂದ ತಂದಂತಿರುತ್ತವೆ. ಎಲ್ಲೆಲ್ಲೂ ತುಕ್ಕಿನ ಧಾರೆಗಳು, ಕಿತ್ತುಹೋದ ಬಣ್ಣ. 1971ರ ಡಿಸೆಂಬರಿನಲ್ಲಿ ಈ ಟ್ಯಾಂಕುಗಳು ಸೇನೆಗೆ ಬಂದು ಹೆಚ್ಚು ವರ್ಷಗಳಾಗಿರಲಿಲ್ಲ, ಅವುಗಳನ್ನು ದಿನವೂ ಒರೆಸಿ ಎಣ್ಣೆ ಹಾಕುವ ಸಿಬ್ಬಂದಿ ಇದ್ದರು, ಮತ್ತು ಯುದ್ಧ ನಡೆದದ್ದು 3ರಿಂದ 16ನೆಯ ತಾರೀಖಿನವರೆಗೆ. ಎರಡು ವಾರದಲ್ಲಿ ಉಕ್ಕು ಹಾಗೆ ತುಕ್ಕು ಹಿಡಿಯುವುದಿಲ್ಲ. ಹಿಡಿಯುವುದು ಧೂಳು, ಕೆಸರು, ಮಸಿ, ಡೀಸೆಲ್. ಟಿ-55ರ ಹೊಗೆಕೊಳವೆ ಎಡಗಡೆಯ ಫೆಂಡರಿನ ಹಿಂಭಾಗದಲ್ಲಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹೊಗೆಯ ತೆರೆ ಎಬ್ಬಿಸಲು ಅದರೊಳಗೆ ಡೀಸೆಲನ್ನು ಚಿಮುಕಿಸುವ ವ್ಯವಸ್ಥೆಯೂ ಇದ್ದುದರಿಂದ ಆ ಜಾಗ ಎಣ್ಣೆಮಸಿಯಿಂದ ಜಿಡ್ಡುಗಟ್ಟಿರಬೇಕು. ಬಲಗಡೆಯ ಫೆಂಡರಿನ ಮೇಲಿರುವುದು ಇಂಧನದ ತೊಟ್ಟಿಗಳು, ಅಲ್ಲಿ ಮುಚ್ಚಳಗಳ ಸುತ್ತ ಚೆಲ್ಲಿದ ಡೀಸೆಲಿನ ಹೊಳೆಯುವ ಕಲೆ ಸಹಜ. ಎಡಕ್ಕೆ ಮಸಿ, ಬಲಕ್ಕೆ ಎಣ್ಣೆ: ಎರಡು ಪಕ್ಕಗಳೂ ಒಂದೇ ಬಗೆಯಾಗಿ ಕೊಳಕಾಗಿರುವ ಟಿ-55 ಕಂಡರೆ ಮಾಡಿದವನು ಯಂತ್ರವನ್ನು ನೋಡಿಲ್ಲವೆಂದೇ ನಾನು ಎಣಿಸುತ್ತೇನೆ. ಟ್ರ್ಯಾಕಿಗೆ ಕೆಂಪುಗಂದು ಮತ್ತು ಕಪ್ಪು ಬೆರೆಸಿದ ಬಣ್ಣ ಹಚ್ಚಿ, ನೆಲಕ್ಕೆ ತಾಗುವ ಅಂಚುಗಳನ್ನು ಅಪ್ಸರಾ ಪೆನ್ಸಿಲಿನ ಮೆತ್ತನೆಯ ಸೀಸದಿಂದ ಉಜ್ಜಿದೆ. ಸವೆದ ಉಕ್ಕಿನ ಮಿಂಚಿಗೆ ಅದಕ್ಕಿಂತ ಒಳ್ಳೆಯ ವಸ್ತುವನ್ನು ನಾನಿನ್ನೂ ಕಂಡಿಲ್ಲ.

ಇನ್ನು ನನ್ನ ತಪ್ಪು. ಧೂಳಿಗೆ ಪಿಗ್ಮೆಂಟ್ ಎಂಬ ನುಣ್ಣನೆಯ ಪುಡಿಯನ್ನು ಬಳಸುವುದು ವಾಡಿಕೆ. ಅಂತರ್ಜಾಲದಲ್ಲಿ ತರಿಸಿದ ಒಂದು ಸೀಸೆ ದಾರಿಯಲ್ಲೇ ಒಡೆದು, ಪೆಟ್ಟಿಗೆಯೊಳಗೆ ಬರಿಯ ಗಾಜಿನ ಚೂರುಗಳೊಡನೆ ಬಂದು ಸೇರಿತು; ಆ ಅಂಗಡಿಯವರೊಡನೆ ಎರಡು ವಾರ ಪತ್ರವ್ಯವಹಾರ ನಡೆಸಿ ಸಾಕಾಗಿ, ಊರಲ್ಲಿ ಮಣ್ಣಿಗೇನು ಬರ ಎಂದುಕೊಂಡೆ. ಹಿತ್ತಿಲಿನ ಮಣ್ಣನ್ನು ಒಣಗಿಸಿ, ಅರೆದು, ಹಳೆಯ ಮಲ್ ಪಂಚೆಯಲ್ಲಿ ಸೋಸಿ, ಟರ್ಪೆಂಟೈನಿನಲ್ಲಿ ಕಲಸಿ ಚಕ್ರಗಳಿಗೂ ಕೆಳಕವಚಕ್ಕೂ ಹಚ್ಚಿದೆ. ಒಣಗಿದ ಮೇಲೆ ಬಹಳ ಸೊಗಸಾಗಿ ಕಂಡಿತು. ಹಸಿರಿನ ಮೇಲೆ ಆ ಕೆಂಪು ಎಷ್ಟು ಒಪ್ಪಿತೆಂದರೆ ನಾಲ್ಕು ಜನರಿಗೆ ತೋರಿಸಿಯೂಬಿಟ್ಟೆ. ಐದನೆಯವರಾಗಿ ನೋಡಿದ್ದು ನಮ್ಮ ಬೀದಿಯ ಹಿರಿಯರೊಬ್ಬರು, ಸೇನೆಯಿಂದ ನಿವೃತ್ತರಾದವರು, ಛಂಬ್‌ಗೆ ಹತ್ತಿರದ ಅಖ್ನೂರ್ ಕಡೆ ಕೆಲವು ವರ್ಷ ಇದ್ದವರು. ಅವರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿ, “ಟ್ಯಾಂಕೇನೋ ಚೆನ್ನಾಗಿದೆ, ಆದರೆ ಇದು ಕೋಲಾರದ ಕಡೆ ಓಡಿಕೊಂಡು ಬಂದಿದೆ” ಎಂದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮಣ್ಣಿಗೆ ಆ ಕೆಂಪು ಬಂದಿರುವುದು ಬಂಡೆ ಸವೆದು ಉಳಿದ ಕಬ್ಬಿಣದ ಆಕ್ಸೈಡಿನಿಂದ. ಛಂಬ್ ಇರುವ ಮನಾವರ್ ತವಿಯ ಬಯಲಿನದು ಹಿಮಾಲಯದ ಕಡೆಯಿಂದ ನದಿಗಳು ತಂದು ಹರಡಿದ ಮೆಕ್ಕಲು, ಬೂದುಹಳದಿ ಬಣ್ಣದ್ದು, ಒಣಗಿದರೆ ಬಹುತೇಕ ಬಿಳಿಚಿಕೊಳ್ಳುವಂಥದ್ದು. ನಳಿಕೆಯ ಮೇಲಿನ ಸುಳ್ಳು ಉಬ್ಬಿಗೆ ಅಷ್ಟು ತಲೆಕೆಡಿಸಿಕೊಂಡವನು ಕಾಲಡಿಯ ಮಣ್ಣನ್ನು ನೋಡಲಿಲ್ಲ. ಟರ್ಪೆಂಟೈನಿನಲ್ಲಿ ಅದ್ದಿದ ಕುಂಚದಿಂದ ಕೆಂಪನ್ನೆಲ್ಲ ತೊಳೆಯಲು ಎರಡು ಭಾನುವಾರಗಳು ಬೇಕಾದವು, ಮೂಲೆಗಳಲ್ಲಿ ಉಳಿದ ಛಾಯೆಯನ್ನು ಮುಚ್ಚಲು ಮತ್ತೊಮ್ಮೆ ಹಸಿರು ಹೊಡೆಯಬೇಕಾಯಿತು.

ಸರಿಯಾದ ಬಣ್ಣದ ಪುಡಿಗಾಗಿ ಮನೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆ. ರಂಗೋಲಿ ಪುಡಿಯ ಕಣ ದಪ್ಪ. 1/35ರಲ್ಲಿ ಅದು ಧೂಳಲ್ಲ, ಜಲ್ಲಿ. ವಿಭೂತಿ ನುಣುಪಾಗಿದೆ, ಆದರೆ ಅತಿ ಬಿಳುಪು. ಕೆಮ್ಮಣ್ಣಿನ ಮಾತೇ ಬೇಡ. ಕೊನೆಗೆ ಒಪ್ಪಿದ್ದು ಗೋಪಿಚಂದನ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಿಂದ ಒಂದು ತುಂಡನ್ನು ತಂದು ಕಲ್ಲಿನ ಮೇಲೆ ಒಣದಾಗಿಯೇ ತೇದು, ಬಟ್ಟೆಯಲ್ಲಿ ಸೋಸಿದರೆ ಸಿಗುವ ಮಾಸಲು ಹಳದಿಯ ಜೇಡಿ ಪುಡಿಗೆ ಚಿಟಿಕೆ ವಿಭೂತಿಯನ್ನೂ ಬೂದು ಬಣ್ಣದ ಪೇಸ್ಟಲ್ ಸೀಮೆಸುಣ್ಣದ ಪುಡಿಯನ್ನೂ ಬೆರೆಸಿದಾಗ, ಚಳಿಗಾಲದ ಛಂಬ್ ಬಯಲಿನ ಧೂಳು ಅಂಗೈಯಲ್ಲಿ ಬಂದು ಕೂತಂತಾಯಿತು. ಹಿರಿಯರಿಗೆ ತೋರಿಸಿದೆ, ತಲೆ ಆಡಿಸಿದರು. ನಾಮಕ್ಕೆ ಬಳಸುವ ವಸ್ತುವನ್ನು ಟ್ಯಾಂಕಿನ ಚಕ್ರಕ್ಕೆ ಹಚ್ಚುವುದರ ಔಚಿತ್ಯದ ಬಗ್ಗೆ ಮನೆಯಲ್ಲಿ ಒಂದು ಚರ್ಚೆ ನಡೆದು, ಉಳಿದ ತುಂಡನ್ನು ದೇವರಮನೆಗೆ ವಾಪಸು ತರಬಾರದೆಂಬ ಷರತ್ತಿನ ಮೇಲೆ ಮುಗಿಯಿತು.

ಹಚ್ಚುವ ಕ್ರಮ ಹೀಗೆ: ಒಣ ಪುಡಿಯನ್ನು ಮೆತ್ತನೆಯ ಕುಂಚದಿಂದ ಕೆಳಕವಚ, ಚಕ್ರ, ಫೆಂಡರಿನ ಮೂಲೆಗಳಿಗೆ ಉದುರಿಸಿ, ಟರ್ಪೆಂಟೈನ್ ತುಂಬಿದ ಕುಂಚವನ್ನು ಪಕ್ಕದಲ್ಲಿ ಸೋಕಿಸಿದರೆ ದ್ರವ ತಾನೇ ಪುಡಿಯೊಳಗೆ ಹಬ್ಬಿ, ಒಣಗಿದ ಮೇಲೆ ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ. ನೇರವಾಗಿ ಕುಂಚವನ್ನು ಎಳೆದರೆ ಸಾರಣೆ ಮಾಡಿದಂತಾಗುತ್ತದೆ. ಹಸಿ ಕೆಸರಿಗೆ ಅದೇ ಮಿಶ್ರಣಕ್ಕೆ ತೈಲವರ್ಣದ ರಾ ಅಂಬರ್ ಸೇರಿಸಿ, ಗಟ್ಟಿ ಕುಂಚವನ್ನು ಅದರಲ್ಲಿ ಅದ್ದಿ, ಹಲ್ಲುಕಡ್ಡಿಯಿಂದ ಮೀಟಿ ಸಿಡಿಸಬೇಕು. ಸಿಡಿತ ಯಾವಾಗಲೂ ಹಿಂದಕ್ಕೆ ಮತ್ತು ಮೇಲಕ್ಕೆ, ಚಕ್ರ ತಿರುಗುವ ದಿಕ್ಕಿಗೆ ಅನುಸಾರವಾಗಿ ಇರಲಿ. ಮೇಲೇರುತ್ತ ಹೋದಂತೆ ಧೂಳು ತೆಳುವಾಗಬೇಕು, ಸಿಬ್ಬಂದಿ ಹತ್ತಿಳಿಯುವ ಜಾಗದಲ್ಲಿ ಬೂಟಿನ ಉಜ್ಜಿನಿಂದ ಹಸಿರು ಮತ್ತೆ ಕಾಣಬೇಕು. ಅಲ್ಲಿ ಒಣ ಬೆರಳಿನಿಂದ ಒಮ್ಮೆ ಒರೆಸಿದರೆ ಸಾಕು.

ಬೆಲೆಯ ಮಾತು. ಆಮದು ಸುಂಕ, ಸಾಗಣೆ, ವ್ಯಾಪಾರಿಯ ಲಾಭ ಎಲ್ಲ ಸೇರಿ ಜಪಾನಿನ ಕಿಟ್ಟು ನಮ್ಮೂರಿಗೆ ಬರುವಾಗ ಅಗ್ಗವಾಗಿ ಉಳಿದಿರುವುದಿಲ್ಲ. ಮೊದಲ ಮಾದರಿಯೇ ಇದಾಗಲಿ ಎಂದು ಯಾರಿಗೂ ಹೇಳಲಾರೆ. ಅವರಿಗೆ ಸಣ್ಣ ಅಳತೆಯ ಒಂದು ವಿಮಾನ ಸಾಕು. ಒಳಾಂಗಣ ಬೇಕೆನ್ನುವವರಿಗೂ, 2002ರ ನಂತರ ಅಚ್ಚಿನ ತಂತ್ರ ಎಷ್ಟು ಮುಂದೆ ಹೋಗಿದೆ ಎಂದು ಭೂತಗನ್ನಡಿ ಹಿಡಿದು ನೋಡುವವರಿಗೂ ಇದು ತಕ್ಕದ್ದಲ್ಲ. ಎರಡು ಮೂರು ಕಿಟ್ ಕಟ್ಟಿ, ಅಂಟು ಬೆರಳಿಗೆ ಮೆತ್ತದಷ್ಟು ಕೈ ಪಳಗಿ, ಇನ್ನು ಬಣ್ಣವನ್ನು ಕಲಿಯಬೇಕು ಎಂದು ಕೂತವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಕೊಳ್ಳುವವರು ಗಾಜಿನ ಪೆಟ್ಟಿಗೆ ಮಾಡಿಸುವಾಗ ದೇಹದ 184 ಮಿಲಿಮೀಟರನ್ನಲ್ಲ, ತೋಪಿನ ಬಾಯಿಯವರೆಗಿನ ಉದ್ದವನ್ನು ಅಳೆದು ಕೊಡಬೇಕು. ನಾನು ಚಿಕ್ಕಪೇಟೆಯಲ್ಲಿ 24 ಸೆಂಟಿಮೀಟರಿನ ಪೆಟ್ಟಿಗೆ ಮಾಡಿಸಿ ತಂದು ನೋಡಿದರೆ ನಳಿಕೆಯ ತುದಿ ಎರಡು ಸೆಂಟಿಮೀಟರಿನಷ್ಟು ಹೊರಗುಳಿಯಿತು. ಟಿ-55ರ ಟರೆಟ್ ದೇಹದ ಮುಂಭಾಗಕ್ಕೆ ಹತ್ತಿರವಿರುವುದರಿಂದ ತೋಪನ್ನು ಹಿಂದಕ್ಕೆ ತಿರುಗಿಸಿದರೆ ಒಟ್ಟು ಉದ್ದ ತಗ್ಗುತ್ತದೆ. ಈಗ ನಮ್ಮ ಮನೆಯ ಟ್ಯಾಂಕು, ರೈಲಿನ ಮೇಲೆ ಸಾಗಿಸುವಾಗ ಮಾಡುವಂತೆ, ಸುಳ್ಳು ಉಬ್ಬಿನ ನಳಿಕೆಯನ್ನು ಎಂಜಿನ್ನಿನ ಮೇಲೆ ಚಾಚಿಕೊಂಡು ಗಾಜಿನೊಳಗೆ ಕುಳಿತಿದೆ.